ದೀಪ ಹಚ್ಚಿದ ಮೇಲೆ ಸೂಜಿ

ಗದಗದಲ್ಲಿ ಕಿರಾಣಿ ಅಂಗಡಿ ನಡೆಸುವ ನೀಲವ್ವ ಬಿಲ್ ಮಾಡುವ ಸಾಫ್ಟ್‌ವೇರ್ ಬರೆದು ಎಲ್ಲರಿಗೂ ಪುಕ್ಕಟೆ ಕೊಟ್ಟಿದ್ದಳು. ಷರತ್ತು ಇಷ್ಟೇ: ಯಾರು ಮಾರಿದರೂ ತನ್ನ ಹೆಸರಿರಬೇಕು, ಒಳಗಿನ ಕೋಡ್ ಬಚ್ಚಿಡಬಾರದು.

ಕಂಪನಿ ಮಾಲೀಕ ಪಂಪಣ್ಣ ವ್ಯಾಪಾರಿಗಳ ಸಭೆಗೆ ಹೊಸ ಬಿಲ್ ಮಷಿನ್ ತಂದ. "ಒಂದೊಂದು ಅಕ್ಷರವೂ ನಮ್ಮದೇ. ಕೋಡ್ ಕೇಳಿದವರನ್ನು ಕೋರ್ಟಿಗೆ ಎಳೀತೀನಿ!"

ಮಷಿನ್‌ನ ಪರದೆ ನೋಡಿ, ಇದನ್ನೆಲ್ಲೋ ನೋಡಿದ್ದೇನಲ್ಲ ಅನ್ನಿಸಿತು ನೀಲವ್ವನಿಗೆ. ದೀಪ ಹಚ್ಚುವ ಹೊತ್ತಿನತನಕ ಕಾದು ಕೇಳಿದಳು, "ಸಾಹೇಬ್ರ, ಒಂದು ಸೂಜಿಗೆ ಬಿಲ್ ಮಾಡ್ರಿ, ನೋಡೂಣು."

ಪಂಪಣ್ಣ ಗುಂಡಿ ಒತ್ತಿದ. ಪರದೆಯ ಮೇಲೆ ಮೂಡಿತು: "ದೀಪ ಹಚ್ಚಿದ ಮ್ಯಾಲೆ ಸೂಜಿ ಮಾರಬಾರದವ್ವಾ. ನಾಳೆ ಬಾ ಅನ್ನು."

"ಇದು ನಮ್ಮತ್ತಿ ಮಾತು, ನಾನ ಸೇರಿಸಿದ್ದು. ನಿಮ್ಮ ಮಷಿನ್‌ಗೆ ಯಾರು ಕಲಿಸಿದ್ರು?"

ವ್ಯಾಪಾರಿಗಳು ನಗುತ್ತ ಎದ್ದು ಹೊರಟರು. ಪಂಪಣ್ಣ ಅಲ್ಲೇ ಅವಳ ಹೆಸರು ಹಾಕಿ ಕೋಡ್ ಬಿಚ್ಚಿಡಲು ಒಪ್ಪಿದ.

"ಚಲೋ ಆತು ಬಿಡ್ರಿ. ಇಲ್ಲಾಂದ್ರ ಕೋರ್ಟಿಗೆ ಸಾಕ್ಷಿ ಹೇಳಾಕ ಅತ್ತಿನ್ನ ಕರ್ಕೊಂಡು ಬರಾಕಿದ್ದೆ."