ಗಳಿಗೆ ಬಟ್ಟಲು

ಕಪಿಲೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಅಲ್ಲಿ ರಾಚಯ್ಯ ಎಂಬ ಗುರುಗಳು ಜ್ವರಕ್ಕೆ ಕಷಾಯ ಕೊಡುತ್ತಿದ್ದರು. ಅದನ್ನು ಕಾಯಿಸುವ ಕೆಲಸ ಶಿಷ್ಯ ಶಾಂತಮಲ್ಲನದು.

ಕಾಯಿಸುವುದಕ್ಕೆ ಒಂದು ನೇಮವಿತ್ತು. ಹೊಳೆದಂಡೆಯ ಕಹಿಮರದ ತೊಗಟೆಯನ್ನು ನೀರಿಗೆ ಹಾಕಬೇಕು. ನೀರು ಕುದಿ ಬಂದ ಕೂಡಲೇ ‘ನಮಃ ಶಿವಾಯ’ ಶುರುಮಾಡಬೇಕು. ಸಾವಿರದೆಂಟು ಆದಾಗ ಇಳಿಸಬೇಕು. ನೂರು ಕಡಿಮೆಯಾದರೆ ಜ್ವರ ಜಗ್ಗುತ್ತಿರಲಿಲ್ಲ, ನೂರು ಹೆಚ್ಚಾದರೆ ಕುಡಿದವರ ಹೊಟ್ಟೆ ಕೆಡುತ್ತಿತ್ತು.

ಏಳು ವರ್ಷ ಶಾಂತಮಲ್ಲ ಒಲೆಯ ಮುಂದೆ ಕಣ್ಣು ಮುಚ್ಚಿ ಕೂತು ಮಣಿ ಎಣಿಸಿದ. ಕಷಾಯಕ್ಕೆ ಶಕ್ತಿ ಬರುವುದು ತನ್ನ ಬಾಯಿಂದ ಹೊರಡುವ ನಾಮದಿಂದಲೇ ಎಂದು ಮನಸಾರೆ ನಂಬಿದ್ದ. ಗುರುಗಳು ಹಾಗೆಂದು ಹೇಳಿರಲಿಲ್ಲ. ಇವನೂ ಕೇಳಿರಲಿಲ್ಲ.

ಒಂದು ದಿನ ಊರೊಳಗೆ ಮದುವೆಗೆ ಹೋದ. ಜೋಯಿಸರು ಕೊಳಗದ ನೀರಿನಲ್ಲಿ ತಾಮ್ರದ ಬಟ್ಟಲೊಂದನ್ನು ತೇಲಿಬಿಟ್ಟು ಮುಹೂರ್ತ ಕಾಯುತ್ತಿದ್ದರು. ಬಟ್ಟಲ ತಳದಲ್ಲಿ ಸೂಜಿಯಷ್ಟು ತೂತು. ಅದು ತುಂಬಿ ಮುಳುಗಿದರೆ ಒಂದು ಗಳಿಗೆ ಆಯಿತೆಂದು ಲೆಕ್ಕ.

ಶಾಂತಮಲ್ಲ ಹೆಣ್ಣು ನೋಡಲಿಲ್ಲ, ಗಂಡು ನೋಡಲಿಲ್ಲ, ಹೋಳಿಗೆಯ ಕಡೆಗೂ ತಿರುಗಲಿಲ್ಲ. ಬಟ್ಟಲನ್ನೇ ನೋಡುತ್ತಾ ಅಭ್ಯಾಸಬಲದಿಂದ ಜಪ ಮಾಡಿದ. ಸಾವಿರದೆಂಟು ಆಗುವುದಕ್ಕೂ ಬಟ್ಟಲು ಮುಳುಗುವುದಕ್ಕೂ ಸರಿಹೋಯಿತು.

ಜೋಯಿಸರನ್ನು ಕಾಡಿ ಬೇಡಿ ಬಟ್ಟಲನ್ನು ಮಠಕ್ಕೆ ತಂದ. ಮೂರು ದಿನ ಬಾಯಿ ಬಿಗಿದುಕೊಂಡು, ಬಟ್ಟಲು ನೋಡಿ ಕಷಾಯ ಇಳಿಸಿದ. ನಾಲ್ಕನೆಯ ದಿನ ಬೆಳಿಗ್ಗೆ ಗುರುಗಳ ಮುಂದೆ ಬಂದು ನಿಂತಾಗ ಅವನ ಕಣ್ಣು ಕೆಂಪಗಿತ್ತು.

“ಬುದ್ಧೀ, ಮೂರು ದಿವಸದಿಂದ ನಾಮ ಹೇಳ್ದೆ ಕಾಯಿಸ್ದೆ. ಎಲ್ರಿಗೂ ವಾಸಿಯಾಯ್ತು.”

“ಒಳ್ಳೇದಾಯ್ತು.”

“ಬೈಯಲ್ವಾ?”

“ಯಾಕಪ್ಪಾ ಬೈಲಿ? ವಾಸಿಯಾಯ್ತಲ್ಲ.”

“ಹಂಗಾದ್ರೆ ಏಳು ವರ್ಷ ನಾನು ಮಾಡಿದ್ದು ಈ ಬಟ್ಟಲು ಮಾಡೋ ಕೆಲ್ಸಾನಾ?”

“ಹೂಂ. ಆಗ ಮಠದಲ್ಲಿ ಬಟ್ಟಲು ಇರ್ಲಿಲ್ಲ.”

ಶಾಂತಮಲ್ಲ ಈ ಉತ್ತರ ನಿರೀಕ್ಷಿಸಿರಲಿಲ್ಲ. ಬೈದಿದ್ದರೆ ವಾದ ಮಾಡಬಹುದಿತ್ತು. ಹೂಂ ಅಂದುಬಿಟ್ಟರೆ ಏನು ಮಾಡುವುದು?

“ಕಷಾಯದಲ್ಲಿ ದೇವರಿಲ್ಲ ಅಂದ್ಮೇಲೆ ನಾನಿಲ್ಲಿ ಯಾಕಿರ್ಲಿ? ಹೊರಡ್ತೀನಿ ಬುದ್ಧೀ.”

“ಹೊರಡು. ಇವತ್ತಿನ ಕಷಾಯ ಕಾಯಿಸಿಕೊಟ್ಟು ಹೊರಡು.”

ಅಷ್ಟರಲ್ಲಿ ಹೊಳೆ ಕಡೆಯಿಂದ ಒಬ್ಬ ಹೆಂಗಸು ಓಡಿಬಂದಳು. ಆಚೆ ದಡದಲ್ಲಿ ಬುಟ್ಟಿ ಹೆಣೆಯುವ ಚಿಕ್ಕತಾಯಿ. ಹೆಗಲ ಮೇಲೆ ಆರು ವರ್ಷದ ಮಗಳು ನೀಲಿ. ನಾಲ್ಕು ದಿನದ ಜ್ವರ. ಮಗು ತಾಯಿಯ ಗುರುತನ್ನೂ ಹಿಡಿಯುತ್ತಿರಲಿಲ್ಲ.

“ಬುದ್ಧೀ, ನಂಗಿರೋದು ಇದೊಂದೇ ಕೂಸು,” ಎಂದು ಅವಳು ನೆಲಕ್ಕೆ ಕುಸಿದಳು.

ಶಾಂತಮಲ್ಲನ ಹಟವೆಲ್ಲ ಇಳಿದುಹೋಯಿತು. ಗುರುಗಳ ಹತ್ತಿರ ಸರಿದು ಪಿಸುಗುಟ್ಟಿದ: “ಇವತ್ತು ನೀವೇ ಕಾಯಿಸಿ ಬುದ್ಧೀ. ನಾಮ ಹೇಳಿ ಕಾಯಿಸಿ.”

“ಬಟ್ಟಲು ಮೋಸ ಮಾಡ್ತದಾ?”

“ಇಲ್ಲ.”

“ಹಂಗಿದ್ರೆ ಬಟ್ಟಲಿಟ್ಟೇ ಕಾಯಿಸು.”

ಕಾಯಿಸಿದ. ಬಟ್ಟಲು ಮುಳುಗಿತು, ಇಳಿಸಿದ. ಗುರುಗಳು ಬೆರಳದ್ದಿ ರುಚಿ ನೋಡಿ ತಲೆಯಾಡಿಸಿದರು. ತಾಯಿ ಚಮಚ ಚಮಚವಾಗಿ ಮಗುವಿಗೆ ಕುಡಿಸಿದಳು. ಗುರುಗಳು ಶಿಷ್ಯನ ಕೈಗೆ ಒಂದು ಒದ್ದೆ ಬಟ್ಟೆ ಕೊಟ್ಟು ಮಗುವಿನ ಪಕ್ಕದಲ್ಲೇ ಕೂರಿಸಿದರು.

ಹೊತ್ತು ನೆತ್ತಿಗೆ ಬಂದರೂ ಜ್ವರ ಇಳಿಯಲಿಲ್ಲ. ಶಾಂತಮಲ್ಲನ ತುಟಿ ಅಲುಗತೊಡಗಿತು.

“ಏನದು?” ಅಂದರು ಗುರುಗಳು.

“ನಾಮ, ಬುದ್ಧೀ. ಭಯ ಆಗ್ತದೆ. ನಾನು ಹೇಳ್ದೆ ಬಿಟ್ಟಿದ್ದಕ್ಕೇ ಕೂಸಿಗೇನಾದ್ರೂ ಆಗ್ಬಿಟ್ರೆ?”

“ಶಿವನಿಗೆ ಲಂಚ ಕೊಡೋಕೆ ಹೋಗ್ಬೇಡ. ಬಾಯಿ ಮುಚ್ಕೊಂಡು ಹಣೆ ಒರೆಸು.”

ಒರೆಸಿದ. ಒರೆಸುತ್ತಾ ಒರೆಸುತ್ತಾ ಅವನಿಗೊಂದು ವಿಷಯ ಹೊಳೆಯಿತು, ನಾಚಿಕೆಯೂ ಆಯಿತು. ಏಳು ವರ್ಷದಲ್ಲಿ ಅವನು ಒಬ್ಬ ರೋಗಿಯ ಪಕ್ಕದಲ್ಲೂ ಕೂತಿರಲಿಲ್ಲ. ಒಲೆಯ ಮುಂದೆ ಕಣ್ಣು ಮುಚ್ಚಿದ್ದವನಿಗೆ ಜ್ವರ ಹೇಗೆ ಬಿಡುತ್ತದೆ ಎಂಬುದೇ ಗೊತ್ತಿರಲಿಲ್ಲ.

ಬಿಸಿಲು ಬಾಗಿಲ ಹೊಸ್ತಿಲಿಗೆ ಇಳಿದಾಗ ಮಗುವಿನ ಕಿವಿಯ ಹಿಂದೆ ಒಂದು ಹನಿ ಬೆವರು ಕಂಡಿತು. ಒಂದೇ ಒಂದು. ಆಮೇಲೆ ಕೂದಲಂಚಿನಲ್ಲಿ ನಾಲ್ಕಾರು. ಆಮೇಲೆ ಹಣೆಯೆಲ್ಲ ತೊಯ್ದಿತು. ಶಾಂತಮಲ್ಲ ಒರೆಸುವುದನ್ನು ಮರೆತು ನೋಡುತ್ತಾ ಕೂತ. ಅವನ ಅಂಗೈ ಕೆಳಗೆ ಆ ಪುಟ್ಟ ಮೈಯ ಕಾವು ಸ್ವಲ್ಪ ಸ್ವಲ್ಪವೇ ಇಳಿಯುತ್ತಿತ್ತು.

ನೀಲಿ ಕಣ್ಣು ಬಿಟ್ಟಳು. “ಅವ್ವಾ, ಹಸೀತದೆ,” ಅಂದಳು.

ಚಿಕ್ಕತಾಯಿ ಮಗಳನ್ನು ಬಾಚಿ ತಬ್ಬಿಕೊಂಡು ಗಟ್ಟಿಯಾಗಿ ಅತ್ತಳು.

ಶಾಂತಮಲ್ಲ ಬಾಗಿಲಾಚೆ ನೋಡಿದ. ದಂಡೆಯ ಮೇಲೆ ಕಹಿಮರ ನಿಂತಿತ್ತು. ಒಂದು ಮೇಕೆ ಅದರ ಬುಡಕ್ಕೆ ಮೈ ಉಜ್ಜುತ್ತಿತ್ತು. ಏಳು ವರ್ಷ ಅವನೇ ಅದರ ತೊಗಟೆ ಕೆತ್ತಿ ತಂದಿದ್ದ. ಆ ಮರವನ್ನು ಇವತ್ತೇ ಮೊದಲು ನೋಡಿದಂತಾಯಿತು.

“ಬುದ್ಧೀ, ಆ ಮರ ಈ ಕೂಸನ್ನ ಯಾವತ್ತಾದ್ರೂ ಕಂಡಿತ್ತಾ?”

“ಇಲ್ಲ.”

“ಮತ್ತೆ ಇವಳ ಮೈಯ ಜ್ವರ ಅದಕ್ಕೆ ಹೆಂಗೆ ಗೊತ್ತಾಯ್ತು?”

ಗುರುಗಳು ತಮಗೆ ತಿಳಿದಷ್ಟು ಹೇಳಿದರು. ಕಹಿ ರಕ್ತಕ್ಕೆ ಇಳಿಯುತ್ತದೆ, ರಕ್ತ ಬೆವರು ಹೊರಡಿಸುತ್ತದೆ, ಬೆವರಿನ ಜೊತೆ ಕಾವು ಹೋಗುತ್ತದೆ.

“ರಕ್ತ ಯಾಕೆ ಆ ಮರದ ಮಾತು ಕೇಳ್ತದೆ?”

“ನಂಗೊತ್ತಿಲ್ಲ. ನೀನು ಕಂಡುಹಿಡಿ, ನಂಗೂ ಹೇಳು.”

“ಕಂಡುಹಿಡಿದ್ಮೇಲೆ?”

“ಅದರ ಹಿಂದೆ ಇನ್ನೊಂದು ‘ಯಾಕೆ’ ಕೂತಿರ್ತದೆ. ಅದನ್ನೂ ಕೇಳು.”

ಶಾಂತಮಲ್ಲನ ಮೈ ಜುಮ್ಮೆಂದಿತು. ಎಲ್ಲಿಯ ಮರ, ಎಲ್ಲಿಯ ಕೂಸು! ಕಣ್ಣು ತುಂಬಿ ಬಂತು. ಎದೆಯಾಳದಿಂದ ಅದೇ ಹಳೆಯ ನಾಮ ಎದ್ದು ಗಂಟಲಿಗೆ ಬಂತು. ಅವನು ಬೆರಗಾಗಿ ಗುರುಗಳ ಮುಖ ನೋಡಿದ.

“ಬುದ್ಧೀ, ನಾಮ ಬರ್ತಾ ಇದೆ. ಕಷಾಯ ಆಗ್ಹೋಯ್ತು, ಭಯಾನೂ ಇಲ್ಲ. ಈಗ್ಯಾಕೆ ಬರ್ತದೆ?”

ಮಾತಾಡುತ್ತಿದ್ದ ಹಾಗೆಯೇ ಅವನ ಬೆರಳು ಸೊಂಟದಲ್ಲಿದ್ದ ಜಪಸರಕ್ಕೆ ಹೋಗಿ ಮೊದಲ ಮಣಿ ಹಿಡಿದಿತ್ತು.

ಗುರುಗಳು ಕೈ ಚಾಚಿ ಸರವನ್ನು ಮೆಲ್ಲಗೆ ಬಿಡಿಸಿಕೊಂಡರು. ಅದನ್ನು ತಾಮ್ರದ ಬಟ್ಟಲೊಳಗೆ ಹಾಕಿ ಪಕ್ಕಕ್ಕಿಟ್ಟರು.

“ಈಗ ಹೇಳು ಮಗಾ,” ಅಂದರು. “ಎಣಿಸ್ಬೇಡ.”