ಬೀರಕ್ಕನ ಪಾಳಿ

ಬಹಳ ಕಾಲದ ಹಿಂದೆ, ಹೊಳೆಯಂಚಿನ ಒಂದೂರಿನಲ್ಲಿ, ಹೊಗೆಯಿಲ್ಲದ ಒಲೆಯೊಂದಿತ್ತಂತೆ. ಸೌದೆ ಬೇಡ, ಕಲ್ಲಿದ್ದಲು ಬೇಡ. ಯುರೇನಿಯಂ ಅನ್ನುವ ಲೋಹದ ಬಿಲ್ಲೆಗಳನ್ನು ಕೊಳವೆಗಳಲ್ಲಿ ತುಂಬಿಟ್ಟರೆ ಸಾಕು. ಒಳಗೆ ಕಣ್ಣಿಗೆ ಕಾಣದ ಕಣವೊಂದು ಒಡೆಯುತ್ತಿತ್ತು, ಅದರಿಂದ ಸಿಡಿದ ಚೂರು ಇನ್ನೊಂದನ್ನು ಒಡೆಯುತ್ತಿತ್ತು, ಅದು ಮತ್ತೊಂದನ್ನು. ಒಡೆದಷ್ಟೂ ಬಿಸಿ. ಆ ಬಿಸಿಯನ್ನು ಒಂದು ನೀರು ಹೊತ್ತು ತಂದು, ತಾನು ಹರಿಯುವ ಕೊಳವೆಯ ಗೋಡೆಯಾಚೆಯಿಂದಲೇ ಇನ್ನೊಂದು ನೀರಿಗೆ ಕೊಡುತ್ತಿತ್ತು. ಎರಡು ನೀರೂ ಒಂದನ್ನೊಂದು ಮುಟ್ಟುತ್ತಿರಲಿಲ್ಲ. ಎರಡನೆಯದು ಕುದಿದು, ಉಗಿಯಾಗಿ, ದೊಡ್ಡ ಚಕ್ರವನ್ನು ತಿರುಗಿಸುತ್ತಿತ್ತು. ಚಕ್ರದ ಜೊತೆ ಅಯಸ್ಕಾಂತ ತಿರುಗಿ ತಂತಿಯಲ್ಲಿ ಕರೆಂಟು ಹುಟ್ಟುತ್ತಿತ್ತು. ನೂರು ಊರಿಗೆ ಬೆಳಕು.

ಚಕ್ರ ನೋಡಿಕೊಳ್ಳುತ್ತಿದ್ದವನು ಗಿಡ್ಡಯ್ಯ. ಒಲೆಗೆ ನೀರು ಹಾಯಿಸುವ ಪಂಪು ನೋಡಿಕೊಳ್ಳುತ್ತಿದ್ದವಳು ಬೀರಕ್ಕ. ಅವಳು ಕೊಳವೆಗೆ ಕಿವಿಯಿಟ್ಟರೆ ನೀರು ಎಷ್ಟು ಬಿಸಿ ಎಂದು ಹೇಳುತ್ತಿದ್ದಳಂತೆ. ಹೊಳೆಯೇ ಅವಳ ಮಾತು ಕೇಳುತ್ತಿತ್ತು ಅನ್ನುವವರೂ ಇದ್ದಾರೆ, ಅನ್ನಲಿ ಬಿಡಿ. ಹೊಸ ಅಕ್ಕಿಯ ಮೊದಲ ಪಾಯಸ ಊರವರಿಂದ ಅವಳ ಮನೆಗೇ ಹೋಗುತ್ತಿತ್ತು. ಅದನ್ನು ಕಂಡು ಗಿಡ್ಡಯ್ಯನಿಗೆ ಹೊಟ್ಟೆ ಉರಿಯುತ್ತಿತ್ತು. ಕರೆಂಟು ಹುಟ್ಟುವುದು ತನ್ನ ಚಕ್ರದಲ್ಲಿ, ಪಾಯಸ ಮಾತ್ರ ನೀರು ಬಿಡುವವಳಿಗೆ! ಊಟಕ್ಕೆ ಕೂತರೂ ಇದೇ ಮಾತು, ಎದ್ದರೂ ಇದೇ ಮಾತು. ಅವನ ಹೆಂಡತಿಗೆ ಕೇಳಿ ಕೇಳಿ ಸಾಕಾಗಿತ್ತಂತೆ.

ಒಂದು ವರ್ಷ ಗಾಳಿ ಎದ್ದು ಊರಾಚೆಯ ತಂತಿಗಳೆಲ್ಲ ಬಿದ್ದವು. ಕರೆಂಟು ಹೋಗಲು ದಾರಿಯಿಲ್ಲದೆ ಚಕ್ರ ನಿಂತಿತು. ಒಡೆಯುವುದನ್ನು ನಿಲ್ಲಿಸುವ ಸಲಾಕೆಗಳನ್ನು ಒಲೆಯೊಳಗೆ ಇಳಿಸಿದರು. ಎಲ್ಲ ತಣ್ಣಗಾಯಿತು ಎಂದುಕೊಂಡ ಗಿಡ್ಡಯ್ಯ. ಆದರೆ ಬೀರಕ್ಕನ ಪಂಪು ಡೀಸೆಲ್ ಎಂಜಿನ್ನಿನ ಬಲದಲ್ಲಿ ಡುಗುಡುಗು ಅನ್ನುತ್ತಲೇ ಇತ್ತು. ಒಂದು ದಿನ, ಎರಡು ದಿನ. ಮೂರನೆಯ ದಿನ ಮಧ್ಯಾಹ್ನ ಅವನಿಗೆ ತಡೆಯಲಾಗಲಿಲ್ಲ. ತನ್ನ ಚಕ್ರ ನಿಂತಿರುವಾಗ ಅವಳದು ಯಾಕೆ ಓಡಬೇಕು? ಸೀದಾ ಹೋಗಿ ಎಂಜಿನ್ ನಿಲ್ಲಿಸಲು ಕೈ ಹಾಕಿದ.

ಬೀರಕ್ಕ ಕೂಗಾಡಲಿಲ್ಲವಂತೆ. ಆ ಕೈಯನ್ನೇ ಹಿಡಿದು, ಒಲೆಯ ಬಿಸಿ ಹೊತ್ತು ಬರುವ ಕೊಳವೆಯ ಮೇಲೆ ಇಟ್ಟಳಂತೆ. ಅಂಗೈ ಚುರುಕ್ ಅಂದಿತು. ಅವನು ಕೈ ಎಳೆದುಕೊಂಡ.

"ಒಡೆಯೂದು ನಿಂತದೆ ಗಿಡ್ಡಣ್ಣ, ಒಡೆದ ಚೂರಿನ ಬಿಸಿ ನಿಂತಿಲ್ಲ," ಅಂದಳು. "ನೀರು ತಪ್ಪಿದ್ರೆ ಒಲೆಯೇ ಕರಗಿ ಹೋಗ್ತದೆ. ಆಮೇಲೆ ನಾನೂ ಇಲ್ಲ, ನಿನ್ನ ಚಕ್ರವೂ ಇಲ್ಲ, ಈ ಊರೂ ಇಲ್ಲ. ಮೂರು ದಿನ ಆಯ್ತು ನಾ ಕಣ್ಣು ಮುಚ್ಚದೆ. ಒಂದು ಪಾಳಿ ನೀನು ಕೂತ್ಕೋ."

ಗಿಡ್ಡಯ್ಯ ಕೂತ. ಅವಮಾನವಾಗಿತ್ತು, ಹೊಟ್ಟೆಕಿಚ್ಚೂ ಹೋಗಿರಲಿಲ್ಲ, ಆದರೂ ಕೂತ. ಒಂದು ಪಾಳಿಯಲ್ಲ, ತಂತಿ ಸರಿಯಾಗುವವರೆಗೆ ದಿನಕ್ಕೊಂದು ಪಾಳಿ. ಬೀರಕ್ಕ ಅಲ್ಲೇ ಬೆಂಚಿನ ಮೇಲೆ ಗೊರಕೆ ಹೊಡೆದಳಂತೆ.

ಇವತ್ತಿಗೂ ಅಲ್ಲಿ ಒಲೆ ನಿಲ್ಲಿಸಿದ ದಿನ ಪಂಪಿನ ಬಳಿ ಮೊದಲ ಪಾಳಿ ಕೂರುವವರು ಚಕ್ರದವರೇ. ಕೂರುವ ಮುನ್ನ ಕೊಳವೆಯ ಹತ್ತಿರ ಅಂಗೈ ಹಿಡಿದು ಬಿಸಿ ನೋಡುತ್ತಾರೆ. ಅದನ್ನು ಶುರು ಮಾಡಿದವನು ಗಿಡ್ಡಯ್ಯ. ಕರೆಯುವುದು ಮಾತ್ರ ಬೀರಕ್ಕನ ಪಾಳಿ ಎಂದು. ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಸಾಯುವವರೆಗೂ ಅವನಿಗೆ ಹೊಟ್ಟೆ ಉರಿಯುತ್ತಿತ್ತಂತೆ. ಪಾಳಿಯನ್ನು ಮಾತ್ರ ಒಂದು ಸಲವೂ ತಪ್ಪಿಸಲಿಲ್ಲವಂತೆ.