ಒಳಗೋಡೆಯ ಹಲ್ಲಿನ ಸರ

“ಬುದ್ಧಿ, ನಾನು ನಿಮ್ಮ ಬಳಿಗೆ ಬಂದು ಮೂರು ವರ್ಷವಾಯಿತು. ಇಷ್ಟು ದಿನದಲ್ಲಿ ನನ್ನ ಒಂದು ದೋಷವನ್ನಾದರೂ ನೀವು ಕಿತ್ತು ತೆಗೆದಿದ್ದೀರಾ?” ಎಂದು ಸಂಗಯ್ಯ ತನ್ನ ಗುರುಗಳನ್ನು ಕೇಳಿದ.

ಕೇಳಿದ ಧಾಟಿಯಲ್ಲಿ ಸಿಟ್ಟಿತ್ತು. ಹೊಳೆಯಾಚೆಯ ಮಠದಲ್ಲಿ ಇನ್ನೊಬ್ಬ ಗುರುಗಳಿದ್ದರು. ಅವರು ಬಂದವರ ಮುಖ ನೋಡಿದೊಡನೆ ಒಂಬತ್ತು ದೋಷಗಳನ್ನು ಹೇಳುತ್ತಾರೆ, ವಾರಕ್ಕೊಂದರಂತೆ ಬಿಡಿಸುತ್ತಾರೆ ಎಂದು ಸುದ್ದಿ. ಹಿಂದಿನ ದಿನ ಸಂಗಯ್ಯ ಅಲ್ಲಿಗೆ ಹೋಗಿ ಬಂದಿದ್ದ. ಅವನಿಗೆ ಹನ್ನೊಂದು ದೋಷಗಳಿವೆ ಎಂದು ಅಲ್ಲಿ ಹೇಳಿದ್ದರು.

“ಹನ್ನೊಂದೇ! ಭೇಷ್, ಬೇರೆಯವರಿಗಿಂತ ನಿನಗೆ ಎರಡು ಹೆಚ್ಚೇ ಸಿಕ್ಕವಲ್ಲ” ಎಂದು ಗುರುಗಳು ನಕ್ಕರು. “ಹೋಗುವುದಾದರೆ ಹೋಗಪ್ಪ, ನಾನೇನು ಬಾಗಿಲಿಗೆ ಅಡ್ಡ ಮಲಗುವುದಿಲ್ಲ. ಹೋಗುವ ಮೊದಲು ಒಂದು ಕತೆ ಕೇಳು.”

ಒಂದು ಪೇಟೆಯಲ್ಲಿ ಎದುರುಬದುರಾಗಿ ಇಬ್ಬರು ಹಲ್ಲಿನ ವೈದ್ಯರಿದ್ದರು. ಆ ಸೀಮೆಯ ಹಲ್ಲಿನ ವೈದ್ಯರಲ್ಲಿ ಒಂದು ರೂಢಿಯಿತ್ತು. ತಾವು ಕಿತ್ತ ಹಲ್ಲುಗಳನ್ನು ದಾರಕ್ಕೆ ಪೋಣಿಸಿ ಅಂಗಡಿಯ ಬಾಗಿಲಿಗೆ ಸರದ ಹಾಗೆ ಕಟ್ಟುತ್ತಿದ್ದರು. ಸರ ಉದ್ದವಿದ್ದಷ್ಟೂ ವೈದ್ಯ ದೊಡ್ಡವನು. ಜನ ಬೇರೇನನ್ನೂ ವಿಚಾರಿಸುತ್ತಿರಲಿಲ್ಲ. ಸರ ನೋಡಿ ಒಳಗೆ ಹೋಗುತ್ತಿದ್ದರು.

ಇಬ್ಬರಲ್ಲಿ ಒಬ್ಬನ ಬಾಗಿಲಿಗೆ ಸರ ಮೂರು ಸುತ್ತು ಬಂದು ಹೊಸ್ತಿಲು ಮುಟ್ಟುತ್ತಿತ್ತು. ಇನ್ನೊಬ್ಬ ಮುದುಕ. ಅವನ ಬಾಗಿಲು ಬೋಳು. ಪಾಪ, ಕೈಲಾಗದವನಿರಬೇಕು ಎಂದುಕೊಂಡು ಜನ ಅತ್ತ ಸುಳಿಯುತ್ತಿರಲಿಲ್ಲ. ಹತ್ತಿರದ ಬೀದಿಯ ಒಂದಿಷ್ಟು ಹಳೆಯ ಮಂದಿ ಮಾತ್ರ ಅವನನ್ನು ಬಿಟ್ಟಿರಲಿಲ್ಲ.

ಒಂದು ದಿನ ಆ ಪೇಟೆಗೆ ಒಬ್ಬ ಓಲಗದವನು ಬಂದ. ಮದುವೆಗಳಲ್ಲಿ ಓಲಗ ಊದುವವನು. ಅಂತಿಂಥವನಲ್ಲ. ಅವನು ಊದಲು ಕೂತರೆ ಅಡುಗೆಯವರು ಸೌಟು ಹಿಡಿದುಕೊಂಡೇ ಚಪ್ಪರಕ್ಕೆ ಬಂದು ನಿಲ್ಲುತ್ತಿದ್ದರು. ಪಾಯಸ ತಳ ಹತ್ತಿದರೂ ಯಾರೂ ಬೈಯುತ್ತಿರಲಿಲ್ಲ. ಅಂಥವನಿಗೆ ಮೂರು ದಿನದಿಂದ ಮೇಲಿನ ಮುಂದಿನ ಹಲ್ಲಿನ ಕಡೆ ನೋವು. ಓಲಗದ ತುದಿಗೆ ಸಿಕ್ಕಿಸುವ ಹುಲ್ಲಿನ ಪೀಪಿಯನ್ನು ತುಟಿಗಿಟ್ಟರೆ ಜೀವ ಹೋದ ಹಾಗಾಗುತ್ತಿತ್ತು. ಮರುದಿನ ಬೆಳಗ್ಗೆ ನೇಕಾರರ ಮನೆಯ ಮದುವೆಗೆ ಊದಬೇಕಿತ್ತು. ಅವನೂ ಎಲ್ಲರ ಹಾಗೆ ಎರಡೂ ಬಾಗಿಲು ನೋಡಿದ, ಉದ್ದ ಸರದವನ ಅಂಗಡಿ ಹೊಕ್ಕ.

ಉದ್ದ ಸರದವನು ಅವನನ್ನು ಮಣೆಯ ಮೇಲೆ ಕೂರಿಸಿ, ಬಾಯಿ ತೆರೆಸಿ, ಕಬ್ಬಿಣದ ಕಡ್ಡಿಯಿಂದ ಹಲ್ಲುಗಳನ್ನು ಒಂದೊಂದಾಗಿ ಬಡಿಯುತ್ತ ಹೋದ. ಕಬ್ಬಿಣದಲ್ಲಿ ಬಡಿದರೆ ಯಾವ ಹಲ್ಲಪ್ಪ ನೋಯುವುದಿಲ್ಲ? ಓಲಗದವನು “ಆ” ಎಂದಾಗಲೆಲ್ಲ “ಇದೂ ಹೋಗಿದೆ” ಎಂದು ತಲೆಯಾಡಿಸಿದ. ಆಮೇಲೆ ಒಂದು ಹತ್ತಿಯ ಉಂಡೆಯನ್ನು ಬಾಯೊಳಗೆ ಆಡಿಸಿ ಹೊರಗೆ ತೆಗೆದ. ಅದರಲ್ಲಿ ಒಂದು ಬಿಳಿಯ ಹುಳ ಹರಿದಾಡುತ್ತಿತ್ತು. ಹುಳ ಮೊದಲೇ ಹತ್ತಿಯೊಳಗಿತ್ತು ಅನ್ನು. ನೋವಿನಲ್ಲಿರುವವನು ಅದನ್ನೆಲ್ಲ ಗಮನಿಸುತ್ತಾನೆಯೇ?

“ಮೇಲಿನ ಆರು ಹಲ್ಲಿಗೂ ಹುಳ ಬಿದ್ದಿದೆ. ಇವತ್ತೇ ಕೀಳದಿದ್ದರೆ ದವಡೆಗೆ ಇಳಿಯುತ್ತದೆ” ಎಂದ ವೈದ್ಯ.

“ಸ್ವಾಮಿ, ಮುಂದಿನ ಹಲ್ಲು ಹೋದರೆ ಪೀಪಿಗೆ ನನ್ನ ಉಸಿರು ನಿಲ್ಲುವುದಿಲ್ಲ. ಓಲಗ ಬಿಟ್ಟರೆ ನನಗೆ ಇನ್ನೊಂದು ಕೆಲಸ ಬರುವುದಿಲ್ಲ.”

“ಓಲಗ ಬೇಕೋ ಜೀವ ಬೇಕೋ, ನೀನೇ ಯೋಚನೆ ಮಾಡು. ನಾನು ಇಕ್ಕಳ ತೊಳೆದುಕೊಂಡು ಬರುತ್ತೇನೆ.”

ಓಲಗದವನು ಅತ್ತುಬಿಟ್ಟ. ಒಂಬತ್ತನೆಯ ವಯಸ್ಸಿನಿಂದ ಊದಿದವನು ಅವನು. ಅವನ ತಂದೆ ಬಿಟ್ಟುಹೋದದ್ದು ಆ ಓಲಗ ಒಂದನ್ನೇ. ಆದರೂ ಅವನು ಒಪ್ಪಿಕೊಂಡ. ಹುಳವನ್ನು ಕಣ್ಣಾರೆ ಕಂಡ ಮೇಲೆ ಒಪ್ಪದೆ ಏನು ಮಾಡಿಯಾನು? ಹಲ್ಲಿರುವಾಗಲೇ ಕೊನೆಯದಾಗಿ ಒಂದು ಸಲ ಊದಿಬಿಡೋಣ ಎನ್ನಿಸಿ ಬೀದಿಗೆ ಬಂದ. ಎದುರುಗಡೆಯ ಜಗಲಿಯ ಮೇಲೆ ನೆರಳಿತ್ತು. ಅಲ್ಲಿ ಕೂತು ಊದಿದ. ಅದು ಬೋಳು ಬಾಗಿಲಿನ ಮುದುಕನ ಜಗಲಿ.

ಆಹಾ, ಅಂಥ ನೋವಿನಲ್ಲೂ ಎಂಥ ನಾದ! ಮುದುಕ ಹೊರಗೆ ಬಂದ. ಕಂಬಕ್ಕೆ ಒರಗಿ ನಿಂತು, ಮುಗಿಯುವವರೆಗೂ ತುಟಿ ಬಿಚ್ಚದೆ ಕೇಳಿದ. ಆಮೇಲೆ ಹೇಳಿದ: “ಬಲು ಚೆನ್ನಾಗಿ ಊದುತ್ತೀಯಪ್ಪ. ಮೇಲಿನ ಸ್ವರಕ್ಕೆ ಹೋಗುವಾಗ ಮಾತ್ರ ಎಡಗಡೆಯ ತುಟಿ ಹಿಂಜರಿಯುತ್ತದೆ. ನಿನಗೆ ನೋಯುತ್ತಿರುವುದು ಎಲ್ಲಿ?”

ಓಲಗದವನು ಬೆರಗಾದ. ಅಷ್ಟು ಹೊತ್ತು ಎದುರಂಗಡಿಯಲ್ಲಿ ಬಾಯಿ ತೆರೆದು ಕೂತಿದ್ದನಲ್ಲ, ಈ ಮಾತನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಅವನು ಬೆರಳಿಟ್ಟು ತೋರಿಸಿದ. ಆ ಜಾಗ ಎಳ್ಳುಕಾಳಿನಷ್ಟಿತ್ತು.

ಮುದುಕ ಕೈ ತೊಳೆದ. ಓಲಗದವನ ಮುಖವನ್ನು ಬಿಸಿಲಿಗೆ ತಿರುಗಿಸಿ ನೋಡಿದ. ಎಷ್ಟು ಹೊತ್ತು ನೋಡಿದನೆಂದರೆ, ನೋಡಿಸಿಕೊಂಡವನ ಕತ್ತು ಸೋತು ಹೋಯಿತು. ಕೊನೆಗೆ ಪೆಟ್ಟಿಗೆ ತೆರೆದ. ಇಕ್ಕಳವನ್ನು ಪಕ್ಕಕ್ಕೆ ಸರಿಸಿ ಸಣ್ಣ ಚಿಮಟ ತೆಗೆದುಕೊಂಡ. ಹಲ್ಲು ಮತ್ತು ವಸಡಿನ ನಡುವಿನಿಂದ ಕೂದಲಿನಷ್ಟು ತೆಳ್ಳಗಿನ ಒಂದು ಸಿಬಿರನ್ನು ಎಳೆದು ಅಂಗೈ ಮೇಲಿಟ್ಟ.

ಅದು ಪೀಪಿಯ ಹುಲ್ಲಿನ ಸಿಬಿರು. ಪೀಪಿ ದಪ್ಪವೆನಿಸಿದರೆ ಚಾಕು ಹುಡುಕುವ ಬದಲು ಹಲ್ಲಿನಿಂದಲೇ ಕಚ್ಚಿ ತೆಳುಮಾಡಿಕೊಳ್ಳುವುದು ಓಲಗದವನ ಚಾಳಿ. ಹಾಗೆ ಕಚ್ಚುವಾಗ ಸೀಳಿ ಒಳಗೆ ಹೊಕ್ಕಿತ್ತು.

“ಇಷ್ಟೇನಾ?” ಎಂದ ಓಲಗದವನು.

“ಇಷ್ಟೇ. ಹಲ್ಲುಗಳು ಕಲ್ಲಿನ ಹಾಗಿವೆ. ಉಪ್ಪುನೀರು ಮುಕ್ಕಳಿಸು. ಇನ್ನು ಮೇಲೆ ಪೀಪಿಯನ್ನು ಚಾಕುವಿನಿಂದ ಹೆರೆದುಕೋ.”

ನೋಡು, ಮುದುಕ ಬೇಕಿದ್ದರೆ ಒಂದು ಹಲ್ಲನ್ನಾದರೂ ಕಿತ್ತು ತನ್ನ ಬೋಳು ಬಾಗಿಲಿಗೆ ಕಟ್ಟಿಕೊಳ್ಳಬಹುದಿತ್ತು. ಆರು ಹಲ್ಲು ಕೊಡಲು ಸಿದ್ಧನಾಗಿದ್ದವನು ಒಂದಕ್ಕೆ ಕೈಮುಗಿದು ಹೋಗುತ್ತಿದ್ದ. ಮುದುಕನಿಗೆ ಆ ಯೋಚನೆಯೇ ಸುಳಿಯಲಿಲ್ಲ.

ಓಲಗದವನು ಅವನ ಕಾಲು ಹಿಡಿದ. ಇಂಥ ಕೈ ಇರುವವರ ಬಾಗಿಲಿಗೆ ಒಂದು ಸರವೂ ಇಲ್ಲವೇ ಎಂದು ಕೇಳಿದ. ಮುದುಕ ಅವನನ್ನು ಒಳಗೆ ಕರೆದೊಯ್ದ. ಅವನು ದಿನವೂ ಕೂರುವ ಜಾಗದ ಎದುರಿನ ಗೋಡೆಗೆ ಮೊಳದುದ್ದದ ದಾರ ತೂಗುಬಿದ್ದಿತ್ತು. ಅದರಲ್ಲಿ ಕೆಲವು ಹಲ್ಲುಗಳಿದ್ದವು. ಎರಡು ಹಲ್ಲುಗಳಿಗೆ ಮಾತ್ರ ಕೆಂಪು ನೂಲು ಸುತ್ತಿತ್ತು.

“ನಲವತ್ತು ವರ್ಷದಲ್ಲಿ ನನ್ನಿಂದ ಉಳಿಸಲಾಗದೆ ಹೋದವು ಇವು. ಬೀದಿಗೆ ತೋರಿಸುವಂಥವಲ್ಲ” ಎಂದ ಮುದುಕ. ಕೆಂಪು ನೂಲಿನವನ್ನು ಮುಟ್ಟುವಾಗ ಅವನ ದನಿ ಇಳಿಯಿತು. “ಇವೆರಡನ್ನು ಕೀಳಬೇಕಿರಲಿಲ್ಲ. ಆಗ ನನಗೆ ವಯಸ್ಸು ಚಿಕ್ಕದು, ಇಕ್ಕಳ ಹೊಸದು. ದಿನಾ ಪೆಟ್ಟಿಗೆ ತೆರೆಯುವ ಮೊದಲು ಇವನ್ನು ಒಮ್ಮೆ ನೋಡುತ್ತೇನಪ್ಪ.”

ಅಷ್ಟರಲ್ಲಿ ಎದುರಂಗಡಿಯಿಂದ ಕೂಗು ಬಂತು. “ಇಕ್ಕಳ ಸಿದ್ಧವಾಗಿದೆ, ಬಾರಯ್ಯ!”

ಓಲಗದವನು ಬಾಯಿ ಮುಕ್ಕಳಿಸಿ, ಜಗಲಿಯ ಮೇಲೆ ನಿಂತು ಮತ್ತೆ ಊದಿದ. ಈ ಸಲ ಮೇಲಿನ ಸ್ವರಕ್ಕೆ ತುಟಿ ಹಿಂಜರಿಯಲಿಲ್ಲ. ಮುದುಕನ ಕಣ್ಣಲ್ಲಿ ನೀರು ಬಂತು. ಎದುರಂಗಡಿಯಲ್ಲಿ ಸರದಿಗೆ ಕಾದಿದ್ದ ಇಬ್ಬರು ಎದ್ದು ಬೀದಿ ದಾಟಿದರು. ಉಳಿದವರು ಸರ ನೋಡುತ್ತ ಅಲ್ಲೇ ಕೂತಿದ್ದರು.

ಕತೆ ಮುಗಿಸಿ ಗುರುಗಳು, “ಮರುದಿನ ನೇಕಾರರ ಮನೆಯ ಪಾಯಸ ತಳ ಹತ್ತಿತಂತೆ” ಎಂದು ನಕ್ಕರು. ಆಮೇಲೆ, “ಆ ಮುದುಕನನ್ನು ನೆನೆದರೆ ಈಗಲೂ ಕೈ ತಾನಾಗಿ ಮುಗಿಯುತ್ತದೆ” ಎಂದರು.

ಸಂಗಯ್ಯ ಇನ್ನೂ ಹಟ ಬಿಟ್ಟಿರಲಿಲ್ಲ. “ಮುದುಕ ದೊಡ್ಡವನು, ಒಪ್ಪಿದೆ ಬುದ್ಧಿ. ನನ್ನ ಹನ್ನೊಂದು ದೋಷಗಳ ಗತಿಯೇನು? ನೀವು ಅವಕ್ಕೆ ಏನೂ ಮಾಡುವುದಿಲ್ಲವೇ?”

ಗುರುಗಳು ಹತ್ತಿರಕ್ಕೆ ಸರಿದು ಅವನ ಮುಖವನ್ನು ಬೆಳಕಿಗೆ ತಿರುಗಿಸಿದರು.

“ಅವರು ಕಂಡದ್ದು ಇರಲಿ ಸಂಗಯ್ಯ, ನಿನಗೆ ನೋಯುತ್ತಿರುವುದು ಎಲ್ಲಿ?”

ಸಂಗಯ್ಯ ಹನ್ನೊಂದು ದೋಷಗಳನ್ನೂ ಬೆರಳು ಮಡಿಸುತ್ತ ಎಣಿಸಿದ. ನೋಯುವ ಜಾಗ ಅವುಗಳಲ್ಲಿ ಒಂದೂ ಇರಲಿಲ್ಲ.